ಮಿಕ್ಸರ್‌ಗೆ ಬಿದ್ದ ರೊಟ್ಟಿ

ಕೆನ್ನೆಯ ಒಳಗಿನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಅಪ್ಪನಿಗೆ 30 ಸಲ ಕರೆಂಟು ಕೊಡಬೇಕು ಅಂದರು. ರೇಡಿಯೇಷನ್‌ಗೆ ನಮ್ಮ ಕಡೆ ಕರೆಂಟು ಅಂತಲೇ ಹೇಳೋದು. ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಮೊದಲ ಹತ್ತು ದಿನ ಏನೂ ಆಗಲಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಆಟೋ ಹತ್ತಿ ಹೋಗಿ ಬರೋದೇ ದೊಡ್ಡ ಕಷ್ಟ ಅನ್ನಿಸಿತ್ತು. "ಇಷ್ಟೇ ಏನು? ಸುಮ್ನೆ ಹೆದರಿಸ್ಯಾರ" ಅಂತ ಅಪ್ಪ ನಗುತ್ತಿದ್ದ.

ಮೂರನೇ ವಾರದ ಗುರುವಾರ ಮಧ್ಯಾಹ್ನ ತಾಟು ದೂಡಿಬಿಟ್ಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ. ಖಾರ, ಹುಳಿ ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಹಿಂಡಿ ಇಲ್ಲದ ಊಟ ಅಪ್ಪನಿಗೆ ಊಟವೇ ಅಲ್ಲ.

"ಬಾಯಾಗ ಬೆಂಕಿ ಬಿದ್ದಂಗ ಆಗ್ಲತ್ತದ, ನೋಡು."

ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕೆನ್ನೆಯ ಒಳಗೆಲ್ಲ ಸಿಪ್ಪೆ ಸುಲಿದ ಹಾಗೆ ಕೆಂಪು. ನಾಲಿಗೆಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ ಹುಣ್ಣು. ಜೊಲ್ಲು ಅಂಟಾಗಿ ದಾರದಂತೆ ಎಳೆಯುತ್ತಿತ್ತು.

ನನ್ನದು ಅವಸರದ ಬುದ್ಧಿ. ಮೆಡಿಕಲ್‌ಗೆ ಓಡಿ ಹಸಿರು ಬಣ್ಣದ ಮೌತ್‌ವಾಶ್ ತಂದೆ. ಒಮ್ಮೆ ಮುಕ್ಕಳಿಸಿದ್ದೇ ತಡ, ಅಪ್ಪ ಅಂಗಳಕ್ಕೆ ಉಗುಳಿ, ಬಾಯಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ಕಣ್ಣಲ್ಲಿ ನೀರು. ಅದರಲ್ಲಿ ಆಲ್ಕೋಹಾಲ್ ಇತ್ತು. ಬಾಟಲಿಯ ಹಿಂದೆ ಬರೆದೇ ಇತ್ತು, ನಾನು ಓದಿರಲಿಲ್ಲ ಅಷ್ಟೇ.

"ಅದನ್ನ ಮೊದ್ಲು ಬಿಸಾಕ್ರಿ ಅಣ್ಣಾ" ಅಂದಳು ಮರುದಿನ ನರ್ಸ್. ಕುದಿಸಿ ಆರಿಸಿದ ಒಂದು ಲೀಟರ್ ನೀರು, ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಎರಡು ಮೂರು ತಾಸಿಗೊಮ್ಮೆ ಮುಕ್ಕಳಿಸಿ ಉಗುಳಬೇಕು. ಬಾಯಿಯ ಒಳಪೊರೆ ದಿನಾ ಸವೆಯುತ್ತ, ಹೊಸದಾಗಿ ಬೆಳೆಯುತ್ತ ಇರುತ್ತದಂತೆ. ಕರೆಂಟು ಆ ಬೆಳೆಯೋದನ್ನೇ ತಡೆಯುತ್ತದೆ. ಹಳೆಯದು ಸವೆದು ಹೋಯ್ತು, ಹೊಸದು ಬರಲಿಲ್ಲ. ಹುಣ್ಣು ಎರಡು ಮೂರು ವಾರ ತಡವಾಗಿ ಏಳೋದು ಅದಕ್ಕೇ. ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ಜೆಲ್ಲನ್ನೂ ಡಾಕ್ಟರು ಬರೆದುಕೊಟ್ಟರು. ತೂಕ ಇಳಿದರೆ ಮೂಗಿಗೆ ನಳಿಗೆ ಹಾಕಬೇಕಾದೀತು ಅಂದರು. ಅಪ್ಪ ಹೆದರಿದ್ದು ಆ ಮಾತಿಗೆ ಮಾತ್ರ.

ಅವ್ವ ಅವತ್ತು ಸಂಜೆ ಬಿಸಿ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ, ಮಿಕ್ಸರ್‌ಗೆ ಹಾಕಿದಳು. ರೊಟ್ಟಿಯನ್ನು ಮಿಕ್ಸರ್‌ಗೆ ಹಾಕಿದ್ದು ಅವಳ ಜನ್ಮದಲ್ಲೇ ಮೊದಲ ಸಲ. ಗುಂಡಿ ಒತ್ತುವಾಗ ಮುಖ ಆಕಡೆ ತಿರುಗಿಸಿದ್ದಳು. ತಣ್ಣಗಾದ ಮೇಲೆ ಅಪ್ಪ ಚಮಚದಲ್ಲಿ ಕುಡಿದ. ಒಂದು ಬಟ್ಟಲಿಗೆ ಮುಕ್ಕಾಲು ತಾಸು ಬೇಕಾಯ್ತು. ಮುಂದಿನ ವಾರಗಳಲ್ಲಿ ನಮ್ಮನೆಯಲ್ಲಿ ಹಿಂಡಿ ಕುಟ್ಟೋ ಸದ್ದೇ ಇರಲಿಲ್ಲ.

ಕರೆಂಟು ಮುಗಿದು ಒಂದು ತಿಂಗಳಿಗೆ ಹುಣ್ಣು ಮಾಯ್ದವು. ಒಂದಿನ ಅಪ್ಪ ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿ ಹಳೇ ಡಬ್ಬಿಯಿಂದ ಚೂರು ಹಿಂಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಹ್ಯಾಂಗದ?"

"ರುಚಿ ಹತ್ತವಲ್ದು. ಉರಿ ಅಷ್ಟೇ ಹತ್ಲತ್ತದ" ಅಂದ. ಡಬ್ಬಿ ಮಾತ್ರ ಕೆಳಗಿಡಲಿಲ್ಲ.