ಕಲ್ಲು ಹೊತ್ತವರು ಯಾರು?

ಮೊನ್ನೆ ಮಗನ ಶಾಲೆಯವರು ಮಕ್ಕಳನ್ನು ರೌಸ್ ಹಿಲ್ ಎಸ್ಟೇಟ್‌ಗೆ ಕರೆದುಕೊಂಡು ಹೋಗಿದ್ದರು. ಸಿಡ್ನಿಯ ವಾಯವ್ಯಕ್ಕೆ, ವಿಂಡ್ಸರ್ ರಸ್ತೆಯ ಹತ್ತಿರ ದಿಬ್ಬದ ಮೇಲಿರುವ ಹಳೇ ಕಲ್ಲುಮನೆ ಅದು. ಸುತ್ತಲಿನ ಬಡಾವಣೆಗಳಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದೇವೆ. ಆದರೂ ಒಳಗೆ ಹೋಗಿ ನೋಡಿದವರು ಕಮ್ಮಿ.

ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ, "ಅಮ್ಮಾ, ಆ ಮನೆ ಕಟ್ಟಿದ್ದು ಕೈದಿಗಳಂತೆ. ನಮ್ಮ ತಾತನ ಮನೆ ಕಟ್ಟಿದ್ದು ಯಾರು?"

"ನಿನ್ನ ಮುತ್ತಾತ."

"ಅವರೇ ಕಲ್ಲು ಹೊತ್ತರಾ?"

ನನಗೆ ಅನ್ನ ಗಂಟಲಲ್ಲೇ ನಿಂತಿತು.

ಶನಿವಾರ ಎಲ್ಲರೂ ಹೋಗಿ ನೋಡಿದೆವು. ರಿಚರ್ಡ್ ರೌಸ್ 1801ರಲ್ಲಿ ಇಂಗ್ಲೆಂಡಿನಿಂದ ಬಂದವನು. ಆಗ ಬ್ರಿಟಿಷರು ಇಲ್ಲಿಗೆ ಸಾಗಿಸುತ್ತಿದ್ದ ಕೈದಿಗಳ ಹಾಗೆ ಬಂದವನಲ್ಲ, ತಾನಾಗೇ ಬಂದವನು. ಗವರ್ನರ್ ಮ್ಯಾಕ್ವಾರಿ ಕೊಟ್ಟ 450 ಎಕರೆಯಲ್ಲಿ, 1813ರಿಂದ 1818ರ ಹೊತ್ತಿಗೆ ಈ ಮನೆ ಎದ್ದಿತು. ಅದಕ್ಕೂ ಮುಂಚೆ ಇದು ಇಲ್ಲಿನ ಮೂಲನಿವಾಸಿಗಳಾದ ಡರಗ್ ಜನರ ನೆಲ. 1804ರ ಮಾರ್ಚ್‌ನಲ್ಲಿ ಐರಿಷ್ ಕೈದಿಗಳು ದಂಗೆ ಎದ್ದು, ಸೈನಿಕರ ಗುಂಡಿಗೆ ಸತ್ತದ್ದೂ ಈ ಆಸುಪಾಸಿನಲ್ಲೇ. ಆಗ ಜನ ಈ ಜಾಗವನ್ನು ವಿನೆಗರ್ ಹಿಲ್ ಅನ್ನುತ್ತಿದ್ದರು. ಆಮೇಲೆ ದಂಗೆಯ ನೆನಪಿನ ಹೆಸರು ಹೋಯಿತು, ಮನೆ ಯಜಮಾನನ ಹೆಸರು ಬಂತು.

ಒಂದೇ ಮನೆತನದ ಆರು ತಲೆಮಾರು ಇಲ್ಲಿ ಬಾಳಿದೆ. 1978ರಲ್ಲಿ ಸರ್ಕಾರ ಕೊಂಡುಕೊಂಡಿತು, 1999ರಲ್ಲಿ ಜನರಿಗೆ ಬಾಗಿಲು ತೆರೆಯಿತು. ನನಗೆ ತುಂಬಾ ಹಿಡಿಸಿದ್ದು ಇವರು ಏನೂ ಹೊಸದು ಮಾಡದೆ ಬಿಟ್ಟದ್ದು. ಮಾಸಿದ ವಾಲ್‌ಪೇಪರ್ ಮಾಸಿದ ಹಾಗೇ ಇದೆ. ಬಣ್ಣ ಬಳಿದಿಲ್ಲ, ಸಾಮಾನು ಬದಲಿಸಿಲ್ಲ. ಹಾಳಾಗದಂತೆ ನೋಡಿಕೊಳ್ಳುತ್ತಾರೆ, ಅಷ್ಟೇ. ನಮ್ಮಲ್ಲಾದರೆ ಕಲ್ಲಿನ ಮೇಲೂ ಎನಾಮಲ್ ಪೇಂಟ್ ಬಿದ್ದಿರೋದು, ಅಲ್ವಾ? ಇಲ್ಲವೇ ಇಡೀ ಮನೆ ಕೆಡವಿ ಆರ್‌ಸಿಸಿ.

ಮಧುಗಿರಿ ಕಡೆಯ ನಮ್ಮ ತೊಟ್ಟಿಮನೆಗೂ ಅದೇ ಆಯಿತು. ಭಾಗ ಆದಮೇಲೆ ಚಿಕ್ಕಪ್ಪನ ಅರ್ಧ ಹೋಯಿತು. ಅದರ ಕಲ್ಲುಚಪ್ಪಡಿ, ಕೆತ್ತನೆಯ ಬಾಗಿಲು ಯಾವುದೋ ರೆಸಾರ್ಟ್ ಸೇರಿದವು. ಉಳಿದಿರುವುದು ಅಪ್ಪನ ಕಡೆಯ ಜಗಲಿ, ನಡುಮನೆ, ಈಗ ಮುಚ್ಚಿಹೋಗಿರುವ ಹಗೇವು. ಆ ಜಗಲಿಯ ಚಪ್ಪಡಿ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕುಳಿಗಳಿದ್ದವು. ಬಂಡೆ ಸೀಳೋಕೆ ಚಾಣ ಹೊಡೆದ ಗುರುತು ಅವು. ನಾವು ಮಕ್ಕಳು ಅದರಲ್ಲಿ ಹುಣಸೇಬೀಜ ತುಂಬಿಸಿ ಆಡುತ್ತಿದ್ದೆವು. ಯಾರ ಕೈ ಹೊಡೆದ ಗುರುತು ಅಂತ ನಮಗೆ ಯಾರೂ ಹೇಳಲಿಲ್ಲ. ಮುತ್ತಾತ ಕಟ್ಟಿಸಿದ ಮನೆ ಅನ್ನುವುದನ್ನು ಮಾತ್ರ ನೂರು ಸಲ ಕೇಳಿದ್ದೇನೆ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವು ಹಿರಿಯರಿಂದ ಕೇಳಿದ್ದನ್ನು ಹೇಳಿದರು. ಕಲ್ಲು ಸೀಳಿದವರು ಭೋವಿಗಳಂತೆ. ಗುಡ್ಡದ ಬುಡದಲ್ಲೇ ಗುಡಿಸಲು ಹಾಕಿಕೊಂಡು, ಗಂಡ ಹೆಂಡತಿ ಮಕ್ಕಳು ಎಲ್ಲರೂ ದುಡಿದರಂತೆ. ಎತ್ತಿನ ಗಾಡಿಯಲ್ಲಿ ತರುವಾಗ ಒಂದು ಚಪ್ಪಡಿ ಜಾರಿ ಒಬ್ಬನ ಕಾಲು ಹೋಯಿತಂತೆ. ಗೃಹಪ್ರವೇಶದ ದಿನ ಅವರಿಗೆ ಊಟ ಹಾಕಿದ್ದು ಕೊಟ್ಟಿಗೆಯ ಪಕ್ಕದಲ್ಲಿ.

"ಒಳಗೆ ಕರೀಲಿಲ್ವಾ?"

"ಆಗೆಲ್ಲಾ ಎಲ್ಲಿ ಕರೀತಿದ್ರಮ್ಮ. ಹೊಸಿಲು ಕೂರಿಸಿದೋರು ಅವರೇ. ಪೂಜೆ ಆದ್ಮೇಲೆ ಅದನ್ನ ದಾಟೋ ಹಾಗಿರಲಿಲ್ಲ."

ನನಗೆ ನೋವಾಯಿತು. ರೌಸ್ ಹಿಲ್‌ನಲ್ಲೂ ಅನ್ಯಾಯವೇ ನಡೆದಿದೆ. ನೆಲ ಕಳೆದುಕೊಂಡವರಿದ್ದಾರೆ, ಬಲವಂತಕ್ಕೆ ಕಲ್ಲು ಹೊತ್ತವರಿದ್ದಾರೆ. ಆದರೆ ಇಲ್ಲಿ ಅದನ್ನು ಶಾಲೆಯ ಮಕ್ಕಳಿಗೆ ನೇರವಾಗಿ ಹೇಳುತ್ತಾರೆ. ಹಾಗೆ ಹೇಳಿದ್ದರಿಂದಲೇ ನನ್ನ ಮಗ ಆ ಪ್ರಶ್ನೆ ಕೇಳಿದ್ದು. ನಮ್ಮ ಮನೆತನದ ಕಥೆಗಳಲ್ಲಿ ಜಮೀನಿದೆ, ಹಗೇವು ತುಂಬಾ ರಾಗಿ ಇದೆ, ಮುತ್ತಾತನ ಗತ್ತಿದೆ. ಕಾಲು ಕಳೆದುಕೊಂಡ ಆ ಮನುಷ್ಯ ಎಲ್ಲೂ ಇಲ್ಲ.

ಆ ಭೋವಿಗಳ ಮೊಮ್ಮಕ್ಕಳು ಕೆರೆಯಾಚೆ ಕಾಲೊನಿಯಲ್ಲಿದ್ದಾರಂತೆ. ಒಬ್ಬ ನಮ್ಮ ಹೊಲಕ್ಕೇ ಟ್ರಾಕ್ಟರ್ ತರುತ್ತಾನೆ. ಅವರ ಮನೆಯ ಹಿರಿಯಜ್ಜಿಗೆ ಇನ್ನೂ ನೆನಪು ಚೆನ್ನಾಗಿದೆ ಅಂದರು ಅಪ್ಪ. ಹೋಗಿ ಮಾತಾಡಿಸಿ, ಹೆಸರುಗಳನ್ನು ಬರೆದುಕೊಳ್ಳಿ ಅಂದೆ. ಅವರನ್ನು ಮನೆಗೆ ಊಟಕ್ಕೆ ಕರೆಯಿರಿ ಅಂತಲೂ ಹೇಳಿದೆ, ನಡುಮನೆಯಲ್ಲೇ.

"ನಿಮ್ಮಮ್ಮನ್ನ ಒಂದು ಮಾತು ಕೇಳ್ತೀನಿ" ಅಂದರು.