ಧಾತು ಬರದಲ್ಲಿ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು

ನಮ್ಮ ಕಡೆ ಮನೆತನ ಹುಡುಕಲು ಅಡ್ಡಹೆಸರು ಹಿಡಿದು ಹೊರಟರೆ ಎರಡು ತಲೆಮಾರು ದಾಟುವುದರೊಳಗೆ ದಾರಿ ಮುಗಿದುಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಗೊತ್ತಾದವರೆಲ್ಲ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಅಡ್ಡಹೆಸರಿನವರು ಎಲ್ಲೆಲ್ಲಿ ಇದ್ದಾರ್ರೀ?"

ನಮ್ಮ ಮೂಲ ಅಜ್ಜನಿಗೆ ಮೂವರು ಗಂಡುಮಕ್ಕಳು. ಇವತ್ತು ಆ ಮೂವರ ವಂಶಕ್ಕೆ ಮೂರು ಅಡ್ಡಹೆಸರು. ಹಿರಿಯವನ ಮನೆಗೆ ಬಿಟ್ಟು ಬಂದ ಊರಿನ ಹೆಸರು ಅಂಟಿಕೊಂಡಿತು. ನಡುವಿನವನು ಮಡ್ಡಿಯಲ್ಲಿ, ಅಂದರೆ ಬಂಜರು ದಿಬ್ಬದಲ್ಲಿ, ಮೊದಲ ಬಾವಿ ತೋಡಿದ, ಅವನ ಮಕ್ಕಳು ಬಾವಿಯವರಾದರು. ಕಿರಿಯವನು ಗೋಕಾಕ ಫಾಲ್ಸಿನ ಮಿಲ್ಲಿಗೆ ದುಡಿಯಲು ಹೋದ, ಅವರು ಗಿರಣಿಯವರು. ಒಂದೇ ಒಲೆಯ ರೊಟ್ಟಿ ತಿಂದು ಬೆಳೆದವರ ಮಕ್ಕಳು, ಮತದಾರರ ಪಟ್ಟಿಯಲ್ಲಿ ನೋಡಿದರೆ ಒಬ್ಬರಿಗೊಬ್ಬರು ಏನೂ ಅಲ್ಲ.

ನಾನು ಬಾವಿಯವರ ಮಗಳು. ಗೋಕಾಕದಲ್ಲಿ ಹೈಸ್ಕೂಲ್ ಟೀಚರ್. ತವರುಮನೆ ಮೂಡಲಗಿ ತಾಲ್ಲೂಕಿನಲ್ಲಿ, ಘಟಪ್ರಭಾ ದಂಡೆಯ ಒಂದು ತೋಟ. ಆ ಮಡ್ಡಿಯಲ್ಲಿ ಮೊದಲು ಗುಡಿಸಲು ಹಾಕಿದವರು ನಮ್ಮವರು. ಈಗ ಅಲ್ಲಿ ಸುತ್ತಮುತ್ತ ಕಬ್ಬು, ಗೋವಿನಜೋಳ, ನೂರಾರು ಮನೆ.

ಅವರು ಬಂದದ್ದು 1876ರ ಬರದಲ್ಲಿ. ಅದು ಧಾತು ಸಂವತ್ಸರ, ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಧಾತು ಬರ ಅಂತಲೇ ಕರೆಯುತ್ತಾರೆ. ಆಗ ಈಗಿನ ವಿಜಯಪುರ, ಬಾಗಲಕೋಟೆಯ ಬಹುಭಾಗ ಸೇರಿ ಕಲಾದಗಿ ಜಿಲ್ಲೆ. 1872ರ ಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಆ ಜಿಲ್ಲೆಯ ಜನ 1881ರ ಗಣತಿಗೆ ಆರೂವರೆ ಲಕ್ಷದೊಳಗೆ ಇಳಿದಿದ್ದರು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು. ಜನ ರಸ್ತೆಗೆ ಜಲ್ಲಿ ಒಡೆದರು, ಕೆರೆ ಹೂಳು ತೆಗೆದರು. ನಮ್ಮ ಅಜ್ಜ, ಹೆಂಡತಿ ಮತ್ತು ಮೂವರು ಹುಡುಗರನ್ನು ಕರೆದುಕೊಂಡು ಪಡುವಣ ದಿಕ್ಕಿಗೆ ನಡೆದ. ಆ ಕಡೆ ಸಹ್ಯಾದ್ರಿಯ ಮಳೆ ಇತ್ತು, ಹೊಳೆಯಲ್ಲಿ ನೀರಿತ್ತು. ಮುಂದೆ ಧುಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಗೋಕಾಕ ಕಾಲುವೆ ತೆಗೆದರು. 1880ರ ದಶಕದಲ್ಲಿ ಮಿಲ್ಲೂ ಬಂತು. ಬರಿಗೈಯಲ್ಲಿ ಬಂದವರಿಗೆ ಕಾಲೂರಲು ಜಾಗ ಸಿಕ್ಕಿತು.

ಇಷ್ಟು ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾರ ಮಗ ಯಾರು, ಯಾರು ಎಲ್ಲಿಗೆ ಹೋದರು ಅನ್ನುವುದು ಗೊತ್ತಿದ್ದದ್ದು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರಿಗೆ ಮಾತ್ರ.

ನಾನು ಸಣ್ಣವಳಿದ್ದಾಗ ಹೆಳವ ಅಜ್ಜ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಸುಗ್ಗಿ ಮುಗಿದು ಕಣ ಮಾಡಿದ ಮೇಲೆ ಬರುವುದು ರೂಢಿ. ಈಗ ಅವರ ಮಗ ಬೈಕಿನಲ್ಲಿ ಬರುತ್ತಾರೆ. ಕಟ್ಟೆಯ ಮೇಲೆ ಕಂಬಳಿ ಹಾಸಿದರೆ ಕೂತು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚುತ್ತಾರೆ. ಉದ್ದನೆಯ ಲೆಕ್ಕದ ಪುಸ್ತಕ, ಅಂಚು ಎಣ್ಣೆಗಟ್ಟಿ ಕಪ್ಪಾಗಿದೆ. ಹಳೆಯ ಹಾಳೆ ಜೀರ್ಣವಾದಂತೆ ಹೊಸದಕ್ಕೆ ನಕಲು ಮಾಡಿಕೊಳ್ಳುತ್ತಾ ಬಂದಿದ್ದಾರೆ. ಆದರೆ ಓದುವಾಗ ಅವರ ಕಣ್ಣು ಪುಸ್ತಕದ ಮೇಲೆ ಇರುವುದೇ ಇಲ್ಲ, ಬಾಯಲ್ಲೇ ಬರುತ್ತದೆ. ಇಂಥವನ ಹೊಟ್ಟೀಲೆ ಮೂರು ಮಂದಿ ಗಂಡಸುಮಕ್ಕಳು, ಹಿರ್ಯಾವನ ಹೊಟ್ಟೀಲೆ ಇಬ್ರು, ನಡುವಿನಾವನ ಹೊಟ್ಟೀಲೆ ನಾಕು ಮಂದಿ... ಎರಡು ವರ್ಷದ ಕೂಸಾಗಿ ಸತ್ತವನ ಹೆಸರೂ ಅಲ್ಲಿದೆ. ಅಂಥ ಮಗುವಿನ ಹೆಸರನ್ನು ಐದು ತಲೆಮಾರಿನ ನಂತರ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನನಗೆ ಮೈ ಜುಮ್ಮೆಂದಿತು.

ಹೆಣ್ಣುಮಕ್ಕಳ ಹೆಸರು ಕೇಳಿದೆ. "ಕೊಟ್ಟ ಮನಿ ಪುಸ್ತಕದಾಗ ಇರ್ತಾರ ತಂಗೆವ್ವ" ಅಂದರು. ಆದರೆ ಕೊಟ್ಟ ಮನೆ ಯಾವುದು ಅಂತ ಗೊತ್ತಿದ್ದರೆ ತಾನೇ ಆ ಪುಸ್ತಕ ಹುಡುಕುವುದು? ಹೆಳವರಲ್ಲೂ ಊರುಗಳು ಅವರವರ ಅಣ್ಣತಮ್ಮಂದಿರ ನಡುವೆ ಹಂಚಿಕೆಯಾಗಿರುತ್ತವೆ. ನಮ್ಮ ಮನೆಗೆ ಬರುವವರ ಹತ್ತಿರ ನಮ್ಮ ಕವಲು ಮಾತ್ರ.

ಆಗ ಕೈಹಿಡಿದದ್ದು ಆಯೇರಿ ಪಟ್ಟಿ, ಅಂದರೆ ಮದುವೆಗೆ ಬಂದ ಉಡುಗೊರೆ ಬರೆದಿಟ್ಟದ್ದು. ನನ್ನ ಅಜ್ಜನ ಮದುವೆಯದು, ದೊಡ್ಡ ಅತ್ತಿಯ ಟ್ರಂಕಿನಲ್ಲಿ, ಹಳೇ ಪತ್ತಲದ ಮಡಿಕೆಯೊಳಗೆ ಇತ್ತು. ಮದುವೆ ಮನೆಯಲ್ಲಿ ಒಂದು ಮೂಲೆಗೆ ಕೂತು ಯಾರೋ ಪೆನ್ಸಿಲಿನಲ್ಲಿ ಬರೆದದ್ದು. ಹೆಸರಿಗಿಂತ ಊರೇ ಜಾಸ್ತಿ: ಧುಪದಾಳ ಅತ್ತಿಯವರು, ಸೀರೆ ಒಂದು. ಅರಭಾವಿಯವರು, ಕುಬಸದ ಖಣ ಒಂದು, ಎರಡು ರೂಪಾಯಿ. ಘಟಪ್ರಭಾದವರು, ತಾಟು ಒಂದು. ನೋಡಿದರೆ ಸುಮ್ನೆ ಲೆಕ್ಕ. ದೊಡ್ಡ ಅತ್ತಿಯ ಮುಂದೆ ಹಿಡಿದೆ, ಅದನ್ನು ಓದುವ ರೀತಿ ಅವಳು ಹೇಳಿಕೊಟ್ಟಳು. ಖಣ ತಂದವರು ಊರವರು, ಪರಿಚಯದವರು. ತಾಟು, ತಂಬಿಗೆ ತಂದವರು ದೂರದ ಬೀಗರು. ಇಳಕಲ್ ಸೀರೆ ತಂದವರು ಮಾತ್ರ ಕರುಳಿನವರು, ಅಂದರೆ ಈ ಮನೆಯಲ್ಲಿ ಹುಟ್ಟಿ ಹೋದವರು. ಸೀರೆ ಬರೆದ ಸಾಲುಗಳಿಗೆಲ್ಲ ಗುರುತು ಹಾಕುತ್ತಾ ಹೋದೆ. ಹೆಳವರ ಪುಸ್ತಕದಲ್ಲಿ ಇಲ್ಲದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಸಿಕ್ಕರು. ಒಬ್ಬಳು ರಾಯಬಾಗ ಕಡೆ, ಇನ್ನೊಬ್ಬಳು ಮಹಾಲಿಂಗಪುರಕ್ಕೆ. ಮೂರನೆಯವಳನ್ನು ಹುಕ್ಕೇರಿ ತಾಲ್ಲೂಕಿಗೆ ಕೊಟ್ಟಿದ್ದರು. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಅವಳ ಮನೆ ಹೋಯಿತು. ಅವಳ ಮೊಮ್ಮಕ್ಕಳು ಈಗ ಬೆಳಗಾವಿಯಲ್ಲಿದ್ದಾರೆ, ಅವರಿಗೆ ನಮ್ಮ ತೋಟ ಇರುವುದೇ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಆ ಪಟ್ಟಿ ಯಾವ ಸರ್ಕಾರಿ ದಾಖಲೆಗೂ ಕಡಿಮೆಯಲ್ಲ. ಮನೆಯಲ್ಲಿ ಅಂಥದ್ದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಸರ್ಕಾರಿ ದಾಖಲೆಯೂ ಬೇಕು. ಕಂಪ್ಯೂಟರ್ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಈಗಿನವರ ಹೆಸರು ಮಾತ್ರ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ಹಳೇ ಉತಾರ, ಡೈರಿ (ಹೊಲದ ಹಕ್ಕು ಬದಲಾದದ್ದರ ದಾಖಲೆ) ತೆಗೆಸಬೇಕು. ಯಾರು ಮಯತರಾದರು (ತೀರಿಕೊಂಡರು), ವಾರಸಾ ಯಾರಿಗೆ ಬಂತು, ವಾಟ್ನಿ (ಪಾಲು) ಯಾವಾಗ ಆಯಿತು, ಎಲ್ಲ ಡೈರಿಯಲ್ಲಿರುತ್ತದೆ. ಮಾನಮೋಡಿ ಬೇನೆ, ಅಂದರೆ ಇನ್‌ಫ್ಲುಯೆಂಜಾ, 1918ರಲ್ಲಿ ಬಂತಲ್ವಾ, ಅದರ ಮರುವರ್ಷದ ಒಂದು ಡೈರಿ ನನಗೆ ಸಿಕ್ಕಿತು. ಗಂಡ ಮಯತ. ಇಬ್ಬರು ಮಕ್ಕಳ ಹೆಸರು, ಮುಂದೆ ಅ.ಪಾ.ಕ. ತಾಯಿ ಅಂತ. ಅಜ್ಞಾನ, ಅಂದರೆ ವಯಸ್ಸಿಗೆ ಬಾರದ, ಮಕ್ಕಳ ಪಾಲನಕರ್ತೆ. ಆ ತಾಯಿ ನನ್ನ ಅಜ್ಜನ ಅಜ್ಜಿ. ಬಾವಿಯವರ ಹೊಲ ಬೇರೆಯವರ ಪಾಲಾಗದೆ ಉಳಿದದ್ದು ಅವಳಿಂದ. ಮನೆಯಲ್ಲಿ ಯಾರೂ ಅವಳ ಬಗ್ಗೆ ಮಾತಾಡಿದ್ದೇ ಇಲ್ಲ. ಆ ಹಾಳೆಯ ನಕಲಿಗೆ ಕಟ್ಟು ಹಾಕಿಸಿ ಅಪ್ಪನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ.

ಇಷ್ಟೆಲ್ಲ ಆದರೂ ಮೂಲ ಊರಿನಲ್ಲಿ ಉಳಿದವರ ಸುಳಿವು ಇರಲಿಲ್ಲ. ಗೊತ್ತಿದ್ದದ್ದು ಊರಿನ ಹೆಸರು ಮತ್ತು ಮನೆದೇವರು ಮಾತ್ರ, ಆಲಮಟ್ಟಿ ಹತ್ತಿರದ ಯಲಗೂರ ಹನುಮಪ್ಪ. ನಮ್ಮಲ್ಲಿ ಪ್ರತಿ ತಲೆಮಾರಿಗೂ ಒಬ್ಬ ಯಲಗೂರಪ್ಪ ಇರಲೇಬೇಕು. ನಮ್ಮ ಸುತ್ತಲಿನ ಊರಲ್ಲಿ ಆ ಹೆಸರಿನವರು ಬೇರೆ ಯಾರೂ ಇಲ್ಲ. ಬರದಲ್ಲಿ ಎಲ್ಲ ಬಿಟ್ಟು ಬಂದವರು ದೇವರ ಹೆಸರನ್ನು ಮಕ್ಕಳಿಗೆ ಇಟ್ಟುಕೊಂಡು ಬಂದರು.

ಕೊನೆಗೆ ಸುಳಿವು ಸಿಕ್ಕಿದ್ದು ಒಂದು ಸಂಬಂಧ ಮುರಿದಾಗ. ಕಾಕಾನ ಮೊಮ್ಮಗನಿಗೆ ಬಾಗಲಕೋಟೆ ನವನಗರದಿಂದ ಹೆಣ್ಣು ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಅಡ್ಡಹೆಸರು ಬೇರೆ, ಊರು ಬೇರೆ. ಮಾತುಕತೆಗೆ ಕೂತಾಗ ಕಾಕಾ ಕೇಳಿದರು.

"ಮನಿದೇವ್ರು ಯಾವ್ದ್ರೀ ನಿಮ್ದು?"

"ಯಲಗೂರ ಹನಮಪ್ಪರಿ."

"ಬೆಡಗ?"

ಬೆಡಗೂ ನಮ್ಮದೇ. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಹೆಣ್ಣು ತರುವ ಹಾಗಿಲ್ಲ. ಎಲ್ಲರೂ ಸುಮ್ಮನಾದರು. ಆಗ ಹುಡುಗಿಯ ಅಜ್ಜ ಅಂದರು, "ನಮ್ಮ ಮುತ್ಯಾನ ಅಪ್ಪಗ ಒಬ್ಬ ಅಣ್ಣ ಇದ್ದನಂತ್ರೀ. ಧಾತು ಬರದಾಗ ಹೆಂಡ್ತಿ ಮಕ್ಕಳನ್ನ ಕರಕೊಂಡು ಪಡುವಣ ಕಡೆ ಹೋದಾಂವ ಹೊಳ್ಳಿ ಬರಲೇ ಇಲ್ಲಂತ." ನಾನು ಎದ್ದು ಹೋಗಿ ಹೆಳವರು ಬರೆದುಕೊಟ್ಟಿದ್ದ ವಂಶಾವಳಿ ತಂದೆ. ಮೂಲ ಅಜ್ಜನ ತಂದೆಯ ಹೆಸರು ಎರಡೂ ಕಡೆ ಒಂದೇ. ಕಾಕಾ ಎದ್ದು ಹೋಗಿ ಆ ಹಿರಿಯರ ಕಾಲು ಮುಟ್ಟಿದರು. ಮದುವೆ ಮಾತು ಅಲ್ಲಿಗೇ ಬಿಟ್ಟಿತು. ಆದರೆ ಅವರು ಆವತ್ತು ನಮ್ಮಲ್ಲೇ ಉಂಡು, ರಾತ್ರಿ ಉಳಿದು, ಮರುದಿನ ಹೋದರು. ಹುಡುಗ ಹುಡುಗಿಗೆ ಬೇಸರವಾಯಿತು, ಇಲ್ಲ ಅನ್ನುವುದಿಲ್ಲ.

ನವನಗರದವರ ಜೊತೆ ಒಂದು ಶನಿವಾರ ಯಲಗೂರಿಗೆ ಹೋದೆ. ಮೂಲ ಊರು ನೋಡಬೇಕು ಅಂದಾಗ ಅವರು ತೋರಿಸಿದ್ದು ಕೃಷ್ಣೆಯ ಹಿನ್ನೀರು. ಆಲಮಟ್ಟಿ ಡ್ಯಾಮಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ದಶಕಗಳ ನಂತರ ನೀರು ನಿಂತಾಗ ಊರಿಗೆ ಊರೇ ಎದ್ದಿತು. ಕೆಲವರು ಆರ್‌ಸಿಗೆ, ಅಂದರೆ ಪುನರ್ವಸತಿ ಕೇಂದ್ರಕ್ಕೆ. ಪರಿಹಾರದ ದುಡ್ಡಿನಲ್ಲಿ ಕೆಲವರು ಬೇರೆ ತಾಲ್ಲೂಕಿನಲ್ಲಿ ಹೊಲ ಹಿಡಿದರು. ಇವರು ನವನಗರಕ್ಕೆ. ನೀರಿಲ್ಲ ಅಂತ ಅಣ್ಣ ಊರು ಬಿಟ್ಟ, ನೀರು ಬಂತು ಅಂತ ತಮ್ಮನ ವಂಶ ಬಿಟ್ಟಿತು. ಹಾಗಾಗಿ ಈಗ ನಾನು ಎರಡು ಸಲ ಚದುರಿದವರನ್ನು ಹುಡುಕಬೇಕು.

ಮುಂದಿನ ವರ್ಷ ಕಾಕಾನ ಮೊಮ್ಮಗನಿಗೆ ಬೇರೆ ಕಡೆ ಮದುವೆಯಾಯಿತು. ನವನಗರದವರು ಬಂದಿದ್ದರು, ಆ ಹುಡುಗಿಯೂ ಬಂದಿದ್ದಳು. ಆಯೇರಿ ಬರೆಯಲು ಕೂತವಳು ನಾನೇ. ಅವರು ಇಳಕಲ್ ಸೀರೆ ತಂದಿದ್ದರು.

ಉಳಿದಿರುವುದು ಸೊಲ್ಲಾಪುರದ ಕವಲು. ಗಿರಣಿಯವರಲ್ಲಿ ಒಬ್ಬ ಫಾಲ್ಸಿನ ಮಿಲ್ಲು ಬಿಟ್ಟು, ಅಲ್ಲಿಯ ಜುನಿ ಮಿಲ್ಲಿಗೆ ಹೋದ ಅಂತ ಹೆಳವರ ಪುಸ್ತಕದಲ್ಲಿದೆ. ಆ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವ ಮಿಲ್ಲಿನ ಕುಟುಂಬಗಳು ಇನ್ನೂ ಬೇಕಾದಷ್ಟಿವೆ. ನಿಮ್ಮ ಮನೆದೇವರು ಯಲಗೂರ ಹನುಮಪ್ಪ ಆಗಿದ್ದು, ಹಿರಿಯರು ಗೋಕಾಕ ಕಡೆಯಿಂದ ಬಂದವರು ಅಂತ ಮನೆಯಲ್ಲಿ ಮಾತಿದ್ದರೆ, ಅಡ್ಡಹೆಸರು ಏನೇ ಇರಲಿ, ನನಗೊಂದು ಸಾಲು ಬರೆಯಿರಿ. ಮೊದಲು ಬೆಡಗು ಹೇಳಿ. ಉಳಿದದ್ದು ಕೂತು ಮಾತಾಡೋಣ.