ಒಂದು ಜೋಳದ ದಂಟು, ಒಂದು ಪೆನ್ಸಿಲ್

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಫೋನ್ ಬಂತು. ಆಯ್ತು ಅಂದೆ. ಫೋನ್ ಇಟ್ಟ ಮೇಲೆ ಕಣ್ಣ ಮುಂದೆ ಬಂದಿದ್ದು ಬಾಟನಿ ಲ್ಯಾಬಿನ ಕಿಟಕಿ. ಅದರ ಕೆಳಗಿನ ಮೇಜು, ಮೇಜಿನ ಮೇಲಿನ ಮೂರನೇ ಮೈಕ್ರೋಸ್ಕೋಪ್. ಅದರ ಕನ್ನಡಿ ಸ್ವಲ್ಪ ಸಡಿಲ ಇತ್ತು, ಬೆರಳಿನಿಂದ ಹಿಡಿದುಕೊಂಡೇ ಬೆಳಕು ಬೀಳಿಸಬೇಕಿತ್ತು. ಈಗಲೂ ಇದೆಯಾ ಅದು?

ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ್ದು 2009ರಲ್ಲಿ. ಆಗ ನಮ್ಮ ಪರೀಕ್ಷೆಗಳೆಲ್ಲ ಗುಲ್ಬರ್ಗಾ ವಿಶ್ವವಿದ್ಯಾಲಯದ್ದು. ನಮ್ಮದು ಔರಾದ್ ತಾಲೂಕಿನ ಸಣ್ಣ ಊರು. ಹತ್ತನೇ ತನಕ ಕನ್ನಡ ಮಾಧ್ಯಮ, ಪಿಯುಸಿ ಹೇಗೋ ದಾಟಿದ್ದೆ. ಬೀದರಿಗೆ ಬಂದರೆ ಕ್ಲಾಸಿನಲ್ಲಿ ಎಲ್ಲ ಇಂಗ್ಲಿಷ್, ಹಾಸ್ಟೆಲ್ ರೂಮಿನಲ್ಲಿ ಒಬ್ಬಳು ಮರಾಠಿ, ಒಬ್ಬಳು ತೆಲುಗು, ಅಂಗಡಿಗೆ ಹೋದರೆ ದಖನಿ, ಅಂದರೆ ನಮ್ಮ ಕಡೆಯ ಉರ್ದು. ನನ್ನ ಬಾಯಿ ಕಟ್ಟಿಹೋಯಿತು. ಹಾಜರಿ ಕೂಗಿದಾಗ ಹೇಳುವ ಒಂದು ಮಾತು ಬಿಟ್ಟರೆ ಇಡೀ ದಿನ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಬಳ್ಳಿ, ಎಲೆ, ಎತ್ತಿನ ಕೊಂಬು, ಏನೋ ಒಂದು ತೆಗೆಯುತ್ತಾ ಕೂರುತ್ತಿದ್ದೆ. ನಮ್ಮ ಕಡೆ ಚಿತ್ರ ತೆಗೆಯುವುದು ಅಂತಲೇ ಹೇಳುತ್ತೇವೆ, ನನಗೆ ಆ ಮಾತು ತುಂಬಾ ಇಷ್ಟ. ಒಳಗೆ ಇರುವುದನ್ನು ಹೊರಗೆ ತೆಗೆದ ಹಾಗೆ ಅಲ್ವಾ? ಒಂದು ದಿನ ಒಂದು ಕ್ಲಾಸಿನಲ್ಲಿ ಅದು ಸಿಕ್ಕಿಬಿತ್ತು. ಲೆಕ್ಚರರ್ ಪುಸ್ತಕವನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಓದೋಕೆ ಬಂದಿದ್ದೀಯೋ ಇದಕ್ಕೆ ಬಂದಿದ್ದೀಯೋ ಎಂದು ಕೇಳಿದರು. ಎಂಬತ್ತು ಜನ ನಕ್ಕರು. ಅವತ್ತು ಹಾಸ್ಟೆಲ್ಲಿಗೆ ಬಂದು ಊಟ ಮಾಡಲಿಲ್ಲ. ಊರಿಗೆ ವಾಪಸ್ ಹೋಗಿಬಿಡೋಣ ಎಂದು ಬ್ಯಾಗಿಗೆ ಬಟ್ಟೆ ಕೂಡ ತುಂಬಿದ್ದೆ. ಬೆಳಿಗ್ಗೆ ಹೋಗಲಿಲ್ಲ, ಏಕೆಂದರೆ ಅಪ್ಪನಿಗೆ ಏನು ಹೇಳಬೇಕೋ ಗೊತ್ತಿರಲಿಲ್ಲ.

ಬಾಟನಿ ಸರ್ ನನ್ನನ್ನು ಹಿಡಿದಿದ್ದು ಬೇರೆ ವಿಷಯಕ್ಕೆ. ಸೂರ್ಯಕಾಂತಿ ಕಾಂಡವನ್ನು ತೆಳ್ಳಗೆ ಕೊಯ್ದು ಸೆಕ್ಷನ್ ತೆಗೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ರೆಕಾರ್ಡಿನಲ್ಲಿ ಚಿತ್ರ ಬರೆಯಬೇಕಿತ್ತು. ನಾನು ಸೀನಿಯರ್ ಒಬ್ಬಳ ರೆಕಾರ್ಡ್ ಇಟ್ಟುಕೊಂಡು ಚೆಂದವಾಗಿ ನಕಲು ಮಾಡಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಸರ್ ಪುಟ ನೋಡಿದರು, ನನ್ನ ಮುಖ ನೋಡಿದರು. "ಇದು ನೀ ನೋಡಿದ್ದೋ, ಯಾರೋ ನೋಡಿದ್ದೋ?" ಎಂದರು. ಬೈಯಲಿಲ್ಲ. ಕನ್ನಡದಲ್ಲಿ ಕೇಳಿದರು. ಪ್ರಶ್ನೆಗಿಂತ ಜಾಸ್ತಿ ಅದು ನನ್ನನ್ನು ತಟ್ಟಿತು.

"ಕೈ ಛಲೋ ಅದ. ಕಣ್ಣು ಇನ್ನಾ ತೆರೆದಿಲ್ಲ. ಭಾನುವಾರ ಹಾಸ್ಟೆಲ್‌ನ್ಯಾಗ ಕೂಡಬ್ಯಾಡ. ಮದರಸಾ ಮುಂದ ಹೋಗಿ ಕೂತು ಏನರ ಒಂದು ನೋಡಿ ತೆಗಿ," ಎಂದು ಗೆರೆಯಿಲ್ಲದ ಒಂದು ಪುಸ್ತಕ ಕೊಟ್ಟರು.

ಹೋದೆ. ಮಹಮೂದ್ ಗವಾನನ ಮದರಸಾ ನಮ್ಮ ಬೀದರಿನವರು ದಿನಾ ಹಾದುಹೋಗುವ ಜಾಗ, ಆದರೆ ಕೂತು ನೋಡುವವರು ಕಡಿಮೆ. 1472ರಲ್ಲಿ ಕಟ್ಟಿದ್ದು. ಇರಾನಿನ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು ದೂರದ ಊರುಗಳಿಂದ ಪಂಡಿತರನ್ನು ಕರೆಸಿ ಇಲ್ಲಿ ಪಾಠ ಮಾಡಿಸುತ್ತಿದ್ದ. ಮುಂದಿನ ಎರಡು ಮಿನಾರಗಳಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ಇನ್ನೂ ಅಲ್ಲಲ್ಲಿ ಹೆಂಚಿನ ತುಂಡುಗಳಿವೆ. ನೀಲಿ, ಬಿಳಿ, ಹಸಿರು, ಹಳದಿ. ಮೊದಲ ಭಾನುವಾರ ನಾನು ಇಡೀ ಕಟ್ಟಡ ತೆಗೆಯಲು ಹೊರಟೆ. ತೆಗೆದು ಅಳಿಸಿ, ತೆಗೆದು ಅಳಿಸಿ, ಕಾಗದ ಹರಿದೇಹೋಯಿತು. ಎರಡನೇ ಭಾನುವಾರ ಒಂದೇ ಒಂದು ಹೆಂಚಿನ ತುಂಡು ಆರಿಸಿಕೊಂಡೆ. ಅಂಗೈಯಷ್ಟು ಇತ್ತು. ನೀಲಿ ಅಂದುಕೊಂಡಿದ್ದು ಒಂದೇ ನೀಲಿ ಅಲ್ಲ. ಒಡೆದ ಅಂಚಿನಲ್ಲಿ ಒಳಗಿನ ಮಣ್ಣು ಕಾಣುತ್ತಿತ್ತು, ಅದರ ಮೇಲೆ ಗಾಜಿನ ಹಾಗೆ ಒಂದು ತೆಳುವಾದ ಪದರ, ಪದರದ ತುಂಬ ಕೂದಲಿನಂಥ ಬಿರುಕು. ಒಂದು ಬಿರುಕಿನಲ್ಲಿ ಪುಟ್ಟ ಇರುವೆ ಸಾಲು. ಎರಡು ತಾಸು ಕೂತಿದ್ದೆ. ಎದ್ದಾಗ ಕಾಲು ಜೋಮು ಹಿಡಿದಿತ್ತು.

ಅಲ್ಲಿ ಕೂತು ಚಿತ್ರ ತೆಗೆಯುವ ಹುಡುಗಿಯನ್ನು ಜನ ಸುಮ್ನೆ ಬಿಡುವುದಿಲ್ಲ. ಮಕ್ಕಳು ಬಂದು ಹೆಗಲ ಮೇಲಿಂದ ಬಗ್ಗುತ್ತಾರೆ. ಚಹಾದ ಅಂಗಡಿಯವರು ಕಪ್ಪು ತಂದಿಟ್ಟು ನಿಲ್ಲುತ್ತಾರೆ. ಹೈದರಾಬಾದಿನಿಂದ ಬಂದ ಪ್ರವಾಸಿಗಳು ದಾರಿ ಕೇಳುತ್ತಾರೆ. ಉತ್ತರ ಕೊಡಲೇಬೇಕು. ಕೈ ಕೆಲಸದಲ್ಲಿ ಇದ್ದಾಗ ಬಾಯಿಗೆ ಹೆದರಿಕೆ ಇರುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಅಲ್ಲೇ. ದಸರಾ ಹೊತ್ತಿಗೆ ನಾನು ಹರಕು ಮುರುಕು ದಖನಿ ಆಡುತ್ತಿದ್ದೆ. ರೂಮಿನ ಮರಾಠಿ ಹುಡುಗಿ ಭಾನುವಾರ ನನ್ನ ಜೊತೆ ಬರಲು ಶುರು ಮಾಡಿದಳು. ಅವಳು ಚಿತ್ರ ತೆಗೆಯುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಓದುತ್ತಿದ್ದಳು.

ಇಬ್ಬರೂ ಸೇರಿ ಅಷ್ಟೂರಿಗೂ ಹೋದೆವು, ಕೋಟೆಯ ರಂಗೀನ್ ಮಹಲಿಗೂ ಹೋದೆವು. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯ ಗುಮ್ಮಟದ ಒಳಗೆ ಮೊದಲು ಬರೀ ಕತ್ತಲೆ. ಕಣ್ಣು ಹೊಂದಿಕೊಳ್ಳುವ ತನಕ ಕಾಯಬೇಕು. ಆಮೇಲೆ ಮೇಲೆ ಕೆಂಪು, ನೀಲಿ, ಬಂಗಾರದ ಬಣ್ಣ ನಿಧಾನ ಬಿಚ್ಚಿಕೊಳ್ಳುತ್ತದೆ. ಅವನನ್ನು ಅಲ್ಲಮಪ್ರಭು ಎಂದು ನಂಬುವವರೂ ಅಲ್ಲಿಗೆ ಬರುತ್ತಾರೆ, ವಲಿ, ಅಂದರೆ ಸಂತ, ಎಂದು ನಂಬುವವರೂ ಬರುತ್ತಾರೆ, ಜಾತ್ರೆ ಇಬ್ಬರದೂ. ರಂಗೀನ್ ಮಹಲಿನಲ್ಲಿ ಕರಿ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಅದನ್ನು ನೋಡಿದಾಗಲೇ ನನಗೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮ ಬಿದರಿ ಕೆಲಸ ನೆನಪಾಗಿದ್ದು. ಕಪ್ಪಿನ ಮೇಲೆ ಬಿಳುಪು, ಅದೇ ಲೆಕ್ಕ.

ಬಿದರಿ ಕೆಲಸ ಕಣ್ಣಾರೆ ನೋಡಿದ್ದು ಚೌಬಾರಾ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಒಂದು ಕೋಣೆ, ನೆಲದ ಮೇಲೆ ನಾಲ್ಕು ಜನ. ಬಾಗಿಲ ಹೊರಗೆ ನಿಂತು ನೋಡುತ್ತಿದ್ದವಳನ್ನು ವಯಸ್ಸಾದ ಉಸ್ತಾದರು ಒಳಗೆ ಕರೆದರು. ಹೂದಾನಿ ಆಗಲೇ ಎರಕ ಆಗಿತ್ತು. 16 ಪಾಲು ಸತುವಿಗೆ 1 ಪಾಲು ತಾಮ್ರ ಎಂದರು. ಬೆಳ್ಳಗಿದ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿದಾಗ ಅದು ತಾತ್ಕಾಲಿಕವಾಗಿ ಕಪ್ಪಾಯಿತು. ಗೆರೆ ಎದ್ದು ಕಾಣಲಿ ಅಂತ. ಆಮೇಲೆ ಅವರು ಚೂಪಾದ ಕಡ್ಡಿ ತಗೊಂಡು ಬಳ್ಳಿ ಎಳೆಯಲು ಶುರು ಮಾಡಿದರು. ಮಾದರಿ ಕಾಗದ ಇಲ್ಲ, ಅಳತೆ ಇಲ್ಲ. ಎಡಗೈ ಪಾತ್ರೆಯನ್ನು ತಿರುಗಿಸುತ್ತಾ ಹೋಯಿತು, ಬಲಗೈ ಇದ್ದಲ್ಲೇ ಇತ್ತು, ಬಳ್ಳಿ ತಾನೇ ಬೆಳೆದ ಹಾಗೆ ಸುತ್ತು ಹೊಡೆದು ಬಂದು ತನ್ನ ಬುಡವನ್ನೇ ಸರಿಯಾಗಿ ಮುಟ್ಟಿತು. ನಾನು ಉಸಿರು ಹಿಡಿದುಕೊಂಡಿದ್ದೆ.

ಇನ್ನೊಬ್ಬರು ಆ ಗೆರೆಯನ್ನು ಉಳಿಯಿಂದ ಕೆತ್ತುತ್ತಿದ್ದರು, ಮತ್ತೊಬ್ಬರು ಕೆತ್ತಿದ ಕಾಲುವೆಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು. ಕೊನೆಗೆ ಬರುವುದು ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಹಳೆಯ ಜಾಗದ ಮಣ್ಣು ಅದು. ಉಸ್ತಾದರು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ರುಚಿ ನೋಡಿ ತಲೆಯಾಡಿಸಿದರು. ಆ ಮಣ್ಣನ್ನು ನೌಸಾದರ್ ಜೊತೆ ನೀರಿಗೆ ಹಾಕಿ ಬಿಸಿ ಮಾಡಿ ಪಾತ್ರೆಗೆ ತಿಕ್ಕಿದರೆ ಸತುವೆಲ್ಲ ಕಡು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನೌಸಾದರ್ ಅಂದರೆ ಏನು ಎಂದು ಕೇಳಿ ಡಬ್ಬಿ ನೋಡಿದೆ. ಅಮೋನಿಯಂ ಕ್ಲೋರೈಡ್! ನಮ್ಮ ಕೆಮಿಸ್ಟ್ರಿ ಲ್ಯಾಬಿನ ಕಪಾಟಿನಲ್ಲಿ ಇರುವುದೇ. ಅಲ್ಲಿ ಹೆಸರು ಬಾಯಿಪಾಠ ಮಾಡಿ ಮರೆಯುತ್ತಿದ್ದೆ, ಇಲ್ಲಿ ನೋಡಿದ ಮೇಲೆ ಇವತ್ತಿಗೂ ಮರೆತಿಲ್ಲ. ಬಿದರಿಗೆ 2006ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತ್ತು, ಅದು ಕೂಡ ನನಗೆ ಆಗಲೇ ತಿಳಿದಿದ್ದು. 2023ರಲ್ಲಿ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಆ ಮರಾಠಿ ಗೆಳತಿಗೆ ಫೋನ್ ಮಾಡಿ ಅರ್ಧ ತಾಸು ಈ ಕೋಣೆಯ ಬಗ್ಗೆಯೇ ಮಾತಾಡಿದೆವು.

ಉಸ್ತಾದರು ನನ್ನ ಚಿತ್ರದ ಪುಸ್ತಕ ಕೇಳಿದರು. ಒಂದೊಂದೇ ಹಾಳೆ ತಿರುವಿದರು. ಅಳಿಸಿದ ಗುರುತುಗಳ ಮೇಲೆ ಬೆರಳಾಡಿಸಿ, "ಕೈ ಹೆದರ್ಲತ್ತದ ಬೇಟಿ. ರಬ್ಬರ್ ಬಿಡು. ಹೆದರಿಕಿ ತಾನೇ ಹೋಗ್ತದ," ಎಂದರು. ನಾವು ಲೋಹದ ಮೇಲೆ ಅಳಿಸೋಕಾಗಲ್ಲ, ಅದಕ್ಕೇ ಮೊದಲು ಜಾಸ್ತಿ ಹೊತ್ತು ಸುಮ್ನೆ ನೋಡ್ತೀವಿ ಎಂದು ವಿವರಿಸಿದರು. ಅವತ್ತು ರಬ್ಬರನ್ನು ಗೆಳತಿಗೆ ಕೊಟ್ಟುಬಿಟ್ಟೆ.

ಡಿಸೆಂಬರಿನಲ್ಲಿ ಎಳ್ಳಮಾಸಿಗೆ ಊರಿಗೆ ಹೋದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಎಲ್ಲರೂ ಗಿಡದ ನೆರಳಲ್ಲಿ ಮಲಗಿದ್ದರು. ನಾನು ಜೋಳದ ಸಾಲಿನ ನಡುವೆ ಕೂತು ದಂಟು ನೋಡುತ್ತಿದ್ದೆ. ಹುಟ್ಟಿದಾಗಿನಿಂದ ನೋಡಿದ ದಂಟು. ಎರಡು ದಂಟು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅಪ್ಪ ಯಾಕೆ ಎಂದು ಕೇಳಿದ. ಲ್ಯಾಬಿಗೆ ಅಂದೆ. ಅವನಿಗೆ ಅದು ಸರಿ ಅನ್ನಿಸಲಿಲ್ಲ, ಮೇವು ಲ್ಯಾಬಿನಲ್ಲಿ ಯಾರು ತಿನ್ನುತ್ತಾರೆ?

ಲ್ಯಾಬಿನಲ್ಲಿ ಹೊಸ ಬ್ಲೇಡಿನಿಂದ ಕೊಯ್ದೆ. ಹತ್ತು ಕೊಯ್ದರೆ ಒಂದು ಸರಿ ಬರುತ್ತದೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ನೀರಿನಲ್ಲಿ ತೇಲಿಬಿಟ್ಟು, ಕುಂಚದ ತುದಿಯಿಂದ ಎತ್ತಿ, ಸಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ, ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟು, ಗಾಳಿಗುಳ್ಳೆ ಬಾರದ ಹಾಗೆ ಸೂಜಿ ಆನಿಸಿ ಕವರ್ ಸ್ಲಿಪ್ ಮುಚ್ಚಿದೆ. ಸಡಿಲ ಕನ್ನಡಿಯನ್ನು ಬೆರಳಿನಿಂದ ಹಿಡಿದು ಕಣ್ಣಿಟ್ಟೆ. ಸೂರ್ಯಕಾಂತಿಯಲ್ಲಿ ನಾಳಗಳ ಕಟ್ಟುಗಳು ಬಳೆಯ ಹಾಗೆ ಸುತ್ತ ನಿಂತಿರುತ್ತವೆ. ಜೋಳದಲ್ಲಿ ಚೆಲ್ಲಾಪಿಲ್ಲಿ, ಅಂಚಿನಲ್ಲಿ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ. ಒಂದೊಂದು ಕಟ್ಟೂ ಒಂದೊಂದು ಮುಖ. ನೀರು ಏರುವ ಎರಡು ದೊಡ್ಡ ನಾಳ ಎರಡು ಕಣ್ಣು, ಕೆಳಗಿನ ಪೊಳ್ಳು ಬಾಯಿ. ನೂರಾರು ಮುಖಗಳು ಕೆಂಪು ಬಣ್ಣ ಬಳಿದುಕೊಂಡು ನನ್ನನ್ನೇ ನೋಡುತ್ತಿದ್ದವು. ಒಂದರ ಹಾಗೆ ಇನ್ನೊಂದಿಲ್ಲ. ಮೂರು ಮಧ್ಯಾಹ್ನ ಕೂತು ತೆಗೆದೆ, ಒಂದು ಗೆರೆಯನ್ನೂ ಅಳಿಸದೆ. ಸರ್ ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ "ಇದು ನೀ ನೋಡಿದ್ದು" ಎಂದು ಬರೆದು ಸಹಿ ಹಾಕಿದರು. ಆ ರೆಕಾರ್ಡ್ ಈಗಲೂ ನನ್ನ ಹತ್ತಿರ ಇದೆ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಸರ್ ಬಾಟನಿ ಲ್ಯಾಬಿನಲ್ಲೇ ಒಂದು ಸಣ್ಣ ಪ್ರದರ್ಶನ ಇಡಿಸಿದರು. ಒಂದು ಗೋಡೆಗೆ ನನ್ನ ಹೆಂಚಿನ ತುಂಡುಗಳು, ಬಿದರಿ ಬಳ್ಳಿ, ಅಷ್ಟೂರಿನ ಛಾವಣಿ. ನಡುವೆ ದೊಡ್ಡದಾಗಿ ಜೋಳದ ದಂಟು. ಪಕ್ಕದಲ್ಲಿ ಮೂರನೇ ಮೈಕ್ರೋಸ್ಕೋಪ್, ಅದರಲ್ಲಿ ಅದೇ ಸ್ಲೈಡ್. ಬಂದವರಿಗೆಲ್ಲ ನಾನೇ ವಿವರಿಸಬೇಕಿತ್ತು, ಕನ್ನಡದವರಿಗೆ ಕನ್ನಡದಲ್ಲಿ, ದಖನಿಯವರಿಗೆ ದಖನಿಯಲ್ಲಿ, ಪರ ಊರಿನ ಪ್ರಿನ್ಸಿಪಾಲರಿಗೆ ನನ್ನ ಇಂಗ್ಲಿಷಿನಲ್ಲಿ. ಮಧ್ಯಾಹ್ನದ ತನಕ ಗಂಟಲು ಒಣಗಿಹೋಯಿತು. ಅಂಚಿನ ಬಳ್ಳಿ ನೋಡಿ ನಕ್ಕಿದ್ದ ಕ್ಲಾಸಿನವರೇ ಬಂದು ನೀರು ತಂದುಕೊಟ್ಟರು.

ಅಪ್ಪ ಬಂದಿದ್ದು ಮೂರು ಗಂಟೆಯ ಬಸ್ಸಿಗೆ. ಬಿಳಿ ಧೋತರ, ತಲೆಗೆ ಟೋಪಿ. ಗೋಡೆಯ ಹತ್ತಿರ ಬಂದು ಕೈ ಹಿಂದೆ ಕಟ್ಟಿಕೊಂಡು ನಿಂತ. ಹೆಂಚಿನ ಚಿತ್ರಗಳನ್ನು ನೋಡಿ ಮುಂದೆ ಹೋದ. ಜೋಳದ ಚಿತ್ರದ ಮುಂದೆ ನಿಂತು ಇದೇನು ಎಂದು ಕೇಳಿದ. ನಮ್ಮ ಹೊಲದ ದಂಟು ಅಂದೆ. ನಂಬಲಿಲ್ಲ. ಸ್ಟೂಲ್ ಎಳೆದು ಕೂರಿಸಿದೆ. ಕನ್ನಡಿ ನಾನು ಹಿಡಿದುಕೊಂಡೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಸರ್ ಯಾರನ್ನೂ ಮುಂದೆ ಬಿಡಲಿಲ್ಲ.

ಕಣ್ಣು ತೆಗೆಯದೇ ಅಪ್ಪ ಮೆಲ್ಲಗೆ ಕೇಳಿದ, "ಇದರಾಗ ಇಷ್ಟು ಮಂದಿ ಅದಾರೇನವ್ವಾ?"